ಘಂಟೆ ಹೊಡೆಯುವವರಿಲ್ಲದ ದಿನಗಳು

ಕಳೆದ ವಾರ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಮಗ ಹತ್ತನೆಯ ತರಗತಿ. ಪರೀಕ್ಷೆಗೆ ಓದಿಕೊಳ್ಳಲೆಂದು ಶಾಲೆಯವರು ರಜೆ ಕೊಟ್ಟಿದ್ದಾರೆ. ಶಾಲೆ ಇದ್ದಷ್ಟು ದಿನ ನೆಟ್ಟಗೆ ಓದುತ್ತಿದ್ದ ಹುಡುಗ ರಜೆ ಬಂದದ್ದೇ ತಡ ಒಂಬತ್ತಕ್ಕೆ ಏಳುತ್ತಾನೆ, ಹನ್ನೊಂದಕ್ಕೆ ಸ್ನಾನ ಮಾಡುತ್ತಾನೆ, ಪುಸ್ತಕ ತೆಗೆಯುವ ಹೊತ್ತಿಗೆ ಊಟದ ಹೊತ್ತಾಗಿರುತ್ತದೆ. 'ಗೋಡೆಯ ಮೇಲೆ ವೇಳಾಪಟ್ಟಿ ಅಂಟಿಸಿದ್ದೇವೆ. ಮೂರು ಬಣ್ಣದ ಪೆನ್ನಿನಲ್ಲಿ ಅವನೇ ಬರೆದದ್ದು. ಅಂಟಿಸಿದ ಮೇಲೆ ಅವನು ಅತ್ತ ತಿರುಗಿಯೂ ನೋಡಿಲ್ಲ. ನೀವು ಮೇಷ್ಟ್ರಾಗಿದ್ದವರು, ಏನು ಮಾಡಬೇಕು ಹೇಳಿ' ಎಂದು ಕೇಳಿದ್ದಾರೆ.

ಈ ತಾಯಿಗೆ ಒಂದು ಗುಟ್ಟು ಹೇಳಬೇಕು. 34 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು, ಸಾವಿರಾರು ಮಕ್ಕಳಿಗೆ 'ವೇಳಾಪಟ್ಟಿ ಹಾಕಿಕೊಳ್ಳಿ' ಎಂದು ಉಪದೇಶ ಮಾಡಿದ ನಾನು, 2012ರಲ್ಲಿ ನಿವೃತ್ತನಾದ ಮರುದಿನ ಮಾಡಿದ ಮೊದಲ ಕೆಲಸವೂ ಅದೇ. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ವಾಯುವಿಹಾರ, ಎಂಟರಿಂದ ಹತ್ತು ಓದು, ಹತ್ತರಿಂದ ಹನ್ನೊಂದು ಕೈತೋಟ ಎಂದು ಗೆರೆ ಎಳೆದು ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೆ. ಅದರ ಆಯುಷ್ಯ ನಾಲ್ಕು ದಿನ. ಐದನೆಯ ದಿನ ಏಳೂವರೆಗೆ ಎದ್ದೆ. ಯಾರೂ ಕೇಳಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂಬುದೇ ನನ್ನನ್ನು ಕಾಡಿತು. ಶಾಲೆಯಲ್ಲಿ ಘಂಟೆ ಹೊಡೆದರೆ ನನ್ನ ಕಾಲು ತಾನಾಗಿ ತರಗತಿಯ ಕಡೆ ನಡೆಯುತ್ತಿತ್ತು. ಅದು ನನ್ನ ಶಿಸ್ತು ಎಂದುಕೊಂಡಿದ್ದೆ. ಶಿಸ್ತು ನನ್ನದಲ್ಲ, ಘಂಟೆಯದು ಎಂದು ಅರವತ್ತನೆಯ ವಯಸ್ಸಿನಲ್ಲಿ ತಿಳಿಯಿತು.

ನನ್ನನ್ನು ದಾರಿಗೆ ತಂದವರು ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ನಮ್ಮ ಬಡಾವಣೆಯ ಹಿರಿಯರೊಬ್ಬರು. ಮೈಸೂರಿನ ನಮ್ಮ ಪಾರ್ಕಿನ ಗೇಟಿನ ಬಳಿ ಬೆಳಿಗ್ಗೆ ಆರಕ್ಕೆ ನಿಂತಿರುತ್ತಿದ್ದರು. ಒಂದು ದಿನ ನಾನು ಆರೂಮುಕ್ಕಾಲಿಗೆ ಹೋದಾಗಲೂ ಅಲ್ಲೇ ನಿಂತಿದ್ದರು. 'ನೀವು ಬರುತ್ತೀರಿ ಅಂತ ಒಂದು ಸುತ್ತೂ ಹಾಕದೆ ಕಾದೆ' ಎಂದರು. ಬೈಯಲಿಲ್ಲ, ಅಷ್ಟೇ ಹೇಳಿದರು. ಮರುದಿನ ಆರಕ್ಕೆ ಐದು ನಿಮಿಷ ಇರುವಾಗಲೇ ನಾನು ಗೇಟಿನಲ್ಲಿದ್ದೆ. ಮುಂದೆ ಏಳು ವರ್ಷ ಹಾಗೆಯೇ ನಡೆಯಿತು. ಆರಕ್ಕೆ ಪಾರ್ಕು ಎಂದು ಗಟ್ಟಿಯಾದ ಮೇಲೆ ದಿನದ ಉಳಿದ ಕೆಲಸಗಳೂ ಒಂದೊಂದಾಗಿ ತಮ್ಮ ತಮ್ಮ ಜಾಗದಲ್ಲಿ ಕುಳಿತುಕೊಂಡವು.

ಆಮೇಲೆ ಬಂತು 2020ರ ಮಾರ್ಚ್.

ಆ ದಿನಗಳು ನಿಮಗೆ ನೆನಪಿರಬಹುದು. ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. 24ರ ರಾತ್ರಿ ಪ್ರಧಾನಿ ಟಿ.ವಿ.ಯಲ್ಲಿ ಮಾತನಾಡಿ, ಮರುದಿನದಿಂದ 21 ದಿನ ದೇಶವೆಲ್ಲ ಲಾಕ್‌ಡೌನ್ ಎಂದರು. ಆ ಮರುದಿನ ಯುಗಾದಿ. ಬೇವು ಬೆಲ್ಲ ತಿಂದು, ಹೊಸ ಬಟ್ಟೆ ಉಟ್ಟು, ಎಲ್ಲಿಗೂ ಹೋಗದೆ ಕುಳಿತ ಯುಗಾದಿ ನನ್ನ ಆಯುಷ್ಯದಲ್ಲಿ ಅದೊಂದೇ. 27ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಗಬೇಕಿತ್ತು. ಎದುರು ಮನೆಯ ಹುಡುಗಿ ಪ್ರವೇಶ ಪತ್ರ ಕೈಯಲ್ಲಿ ಹಿಡಿದು, ಬರೆಯುವುದೋ ಬಿಡುವುದೋ ತಿಳಿಯದೆ ತಿಂಗಳುಗಟ್ಟಲೆ ಕಾದಳು. ಕೊನೆಗೆ ಪರೀಕ್ಷೆ ನಡೆದದ್ದು ಜೂನ್ 25ರಿಂದ.

ನಮ್ಮ ಅಜ್ಜಿ ಪ್ಲೇಗಿನ ಕತೆ ಹೇಳುತ್ತಿದ್ದರು. 1898ರಲ್ಲಿ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಮೇಲೆ ಎಷ್ಟೋ ವರ್ಷ ಅದರ ಹೆದರಿಕೆ ಹೋಗಿರಲಿಲ್ಲ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಪಾತ್ರೆಪಡಗ ಕಟ್ಟಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತಂತೆ. ಅಂದು ರೋಗ ಬಂದರೆ ಮನೆ ಬಿಟ್ಟು ಓಡಬೇಕಿತ್ತು. ನಮ್ಮ ಕಾಲಕ್ಕೆ ಅದು ತಿರುಗುಮುರುಗಾಗಿ, ಮನೆಯೊಳಗೆ ಕೂತು ಬಾಗಿಲು ಹಾಕಿಕೊಳ್ಳಬೇಕಾಯಿತು.

ಮೊದಲ ವಾರ ನನಗೆ ಒಳಗೊಳಗೇ ಜಂಬ. ಇಡೀ ದೇಶ ಒಂದೇ ರಾತ್ರಿಯಲ್ಲಿ ನಿವೃತ್ತವಾಗಿತ್ತು. ಆಫೀಸಿಲ್ಲ, ಶಾಲೆಯಿಲ್ಲ, ಬಸ್ಸಿಲ್ಲ. ಹೊತ್ತು ಕಳೆಯುವ ವಿದ್ಯೆಯಲ್ಲಿ ನನಗೆ ಎಂಟು ವರ್ಷದ ಅನುಭವ; ಉಳಿದವರೆಲ್ಲ ಹೊಸಬರು. ಆದರೆ ಜಂಬ ಇಳಿಯಲು ತಡವಾಗಲಿಲ್ಲ. ಪಾರ್ಕಿಗೆ ಬೀಗ ಬಿತ್ತು. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ ಮಾಡಿಸುವುದು, ದಿನಪತ್ರಿಕೆಗೆ ಇಸ್ತ್ರಿ ಹಾಕಿ ಓದುವುದು, ಬಿಸಿನೀರು, ಕಷಾಯ ಇವೇ ದಿನಚರಿಯಾದವು. ನನಗೆ ಆಗ 68. 65 ದಾಟಿದವರು ಹೊರಗೆ ಬರಬಾರದೆಂದು ಮಾರ್ಚ್ 19ರಂದೇ ಕೇಂದ್ರ ಸರ್ಕಾರದ ಸೂಚನೆ ಬಂದಿತ್ತು. ನನ್ನ ಹೆಂಡತಿಗೆ 64. ಹೀಗಾಗಿ ನಲವತ್ತು ವರ್ಷ ಮಾರುಕಟ್ಟೆಗೆ ಹೋಗಿ ಚೌಕಾಸಿ ಮಾಡಿ ತರಕಾರಿ ತರುತ್ತಿದ್ದ ನನ್ನ ಅಧಿಕಾರವನ್ನು ಆಕೆ ವಹಿಸಿಕೊಂಡಳು. ತಳ್ಳುಗಾಡಿಯವನ ಹತ್ತಿರ ಆಕೆ ಬದನೆಕಾಯಿ ಆರಿಸುವುದನ್ನು ನಾನು ಕಿಟಕಿಯಿಂದ ನೋಡುತ್ತಾ, 'ಹುಳುಕು ನೋಡೇ' ಎಂದು ಕೂಗಿದರೆ, 'ನೀವು ಒಳಗೆ ಹೋಗಿ, ನಿಮ್ಮ ವಯಸ್ಸಿನವರು ಈಚೆ ಬರಬಾರದು' ಎನ್ನುತ್ತಿದ್ದಳು.

ಬೇಸರ ಎಂದು ಹೇಳಿಕೊಳ್ಳಲೂ ನಾಚಿಕೆಯಾಗುವ ಕಾಲ ಅದು. ನನಗೆ ಪಿಂಚಣಿ ಬರುತ್ತಿತ್ತು, ಅಕ್ಕಿ ಡಬ್ಬ ತುಂಬಿತ್ತು. ಟಿ.ವಿ. ಹಾಕಿದರೆ ಮೂಟೆ ಹೊತ್ತು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ನೂರಾರು ಮೈಲಿ ನಡೆದು ಊರಿಗೆ ಹೋಗುವವರು ಕಾಣುತ್ತಿದ್ದರು. ಅವರ ಮುಂದೆ ನನ್ನದೇನು ಕಷ್ಟ? ಆದರೂ ಬೆಳಿಗ್ಗೆ ಎದ್ದಾಗ ಇಂದು ಬುಧವಾರವೋ ಗುರುವಾರವೋ ಎಂದು ತಿಳಿಯದೆ ಕ್ಯಾಲೆಂಡರ್ ಮುಂದೆ ನಿಂತ ದಿನಗಳುಂಟು. ಉಳಿದಿದ್ದ ಒಂದೇ ಘಂಟೆ ಎಂದರೆ ನನ್ನ ಪಾರ್ಕಿನ ಗೆಳೆಯರದು. ಸರಿಯಾಗಿ ಆರಕ್ಕೆ ಫೋನ್ ಮಾಡುತ್ತಿದ್ದರು. ಅವರು ಅವರ ಅಂಗಳದಲ್ಲಿ, ನಾನು ನಮ್ಮ ಮಾಳಿಗೆಯ ಮೇಲೆ, ಫೋನನ್ನು ಕಿವಿಗಿಟ್ಟುಕೊಂಡು ಅರ್ಧ ಗಂಟೆ ಅಡ್ಡಾಡುತ್ತಿದ್ದೆವು.

ಬೆಂಗಳೂರಿನಲ್ಲಿ ನನ್ನ ಮಗಳ ಮಗ. ಆಗ ಅವನಿಗೆ ಒಂಬತ್ತು ವರ್ಷ. ಪರೀಕ್ಷೆಯನ್ನೇ ಬರೆಯದೆ ನಾಲ್ಕರಿಂದ ಐದಕ್ಕೆ ತೇರ್ಗಡೆಯಾಗಿದ್ದ. ಮೊದಲ ಹತ್ತು ದಿನ ಕುಣಿದಾಡಿದವನು ಆಮೇಲೆ ಮಂಕಾದ. ಅಪ್ಪ ಅಮ್ಮ ಇಬ್ಬರೂ ಮನೆಯಲ್ಲೇ ಇದ್ದರೂ ಕಂಪ್ಯೂಟರಿನ ಮುಂದೆ ಕಚೇರಿ ಕೆಲಸ. ಮಾರ್ಚ್ 19ರ ಅದೇ ಸೂಚನೆಯಲ್ಲಿ 65 ದಾಟಿದವರ ಜೊತೆಗೆ 10 ವರ್ಷದೊಳಗಿನ ಮಕ್ಕಳೂ ಮನೆಯಲ್ಲೇ ಇರಬೇಕೆಂದಿತ್ತು. 'ತಾತ, ನೀನೂ ನಾನೂ ಒಂದೇ ಕ್ಲಾಸು' ಎಂದ ಫೋನಿನಲ್ಲಿ. ಆ ದಿನಗಳಲ್ಲಿ ನ್ಯೂಟನ್ನನ ಕತೆ ಎಲ್ಲರ ಮೊಬೈಲಿಗೂ ಬರುತ್ತಿತ್ತು. 1665ರಲ್ಲಿ ಪ್ಲೇಗು ಬಂದು ಕೇಂಬ್ರಿಡ್ಜ್ ಮುಚ್ಚಿದಾಗ ನ್ಯೂಟನ್ ಹಳ್ಳಿಯ ಮನೆಗೆ ಹೋಗಿ ಕೂತು ಮಹಾ ಸಂಗತಿಗಳನ್ನು ಯೋಚಿಸಿದ, ನೀವೂ ಮಾಡಿ ಎಂದು. ನನಗೇ ಏಳೆಂಟು ಸಲ ಬಂತು. ನನ್ನ ಅಳಿಯ ಅದನ್ನು ಮಗನಿಗೆ ಓದಿ ಹೇಳಿದನಂತೆ. ಹುಡುಗ ನನ್ನನ್ನು ಕೇಳಿದ: 'ತಾತ, ನ್ಯೂಟನ್‌ಗೂ ಬೋರ್ ಆಗ್ತಿತ್ತಾ?' ಆಗಿರಲೇಬೇಕು ಎಂದೆ. ಆಗ ಅವನಿಗೆ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಒಂಬತ್ತು ವರ್ಷದವನ ಹೆಗಲ ಮೇಲೆ ಅವನನ್ನು ಕೂರಿಸುವುದು ನ್ಯಾಯವಲ್ಲ.

ನ್ಯೂಟನ್ ಬೇಡ, ಒಂದು ಕೋಲು ಸಾಕು ಎನಿಸಿತು. ಏಪ್ರಿಲ್ 10ರಂದು ಶುರು ಮಾಡಿದೆವು. ನಾನು ಹಳೆಯ ಪರದೆ ಕೋಲನ್ನು ಒಂದು ಮೀಟರ್ ಉದ್ದಕ್ಕೆ ಕತ್ತರಿಸಿ, ಊಟದ ಮಣೆಯೊಂದಕ್ಕೆ ನೆಟ್ಟಗೆ ನಿಲ್ಲಿಸಿದೆ. ಅಲ್ಲಿ ಹುಡುಗ ನೆಲ ಒರೆಸುವ ಕೋಲನ್ನು ಅಪ್ಪನ ಕೈಯಿಂದ ಕೊಯ್ಯಿಸಿ ಕೇರಂ ಬೋರ್ಡಿನ ಮೇಲೆ ನಿಲ್ಲಿಸಿದ. ಎರಡೂ ಮನೆಗಳಲ್ಲಿ ಗೃಹಿಣಿಯರ ವಿರೋಧವಿತ್ತು. ಕೋಲು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ನಟ್ಟು ಕಟ್ಟಿ ತೂಗುಬಿಟ್ಟೆವು. ಕೆಲಸ ಇಷ್ಟೇ: ನಡುಹಗಲಿನಲ್ಲಿ ಕೋಲಿನ ನೆರಳು ಅತಿ ಚಿಕ್ಕದಾದಾಗ ಅದರ ಉದ್ದ ಅಳೆದು ಬರೆದಿಡುವುದು.

ನಡುಹಗಲು ಎಂದರೆ ಹನ್ನೆರಡು ಗಂಟೆ ಎಂದುಕೊಂಡಿದ್ದ ಹುಡುಗ. ನಮ್ಮ ಗಡಿಯಾರಗಳೆಲ್ಲ ಪೂರ್ವ ರೇಖಾಂಶ 82.5 ಡಿಗ್ರಿಯ ಸಮಯ ತೋರಿಸುತ್ತವೆ. ಮೈಸೂರು ಅದಕ್ಕಿಂತ ಸುಮಾರು 6 ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಸೂರ್ಯ ಇಲ್ಲಿ ನಡುನೆತ್ತಿಗೆ ಬರುವಾಗ ಗಡಿಯಾರ 12 ದಾಟಿ 20 ನಿಮಿಷದ ಮೇಲಾಗಿರುತ್ತದೆ. ಬೆಂಗಳೂರಿನಲ್ಲಿ ಸುಮಾರು 4 ನಿಮಿಷ ಮೊದಲು. ಆದ್ದರಿಂದ ದಿನವೂ 12.15ಕ್ಕೆ ಹುಡುಗನ ಫೋನು. ಮೊದಲು ಅವನ ಅಳತೆ, ಆಮೇಲೆ ನನ್ನದು. ಮೊದಲ ದಿನ ಮೈಸೂರಿನಲ್ಲಿ 7.3 ಸೆಂಟಿಮೀಟರ್, ಬೆಂಗಳೂರಿನಲ್ಲಿ 8.5. ನೆರಳಿನ ತುದಿ ಚೂಪಾಗಿಲ್ಲ, ಮಸುಕು ಮಸುಕು ಎಂದು ತಕರಾರು ತೆಗೆದ. ಸರಿಯಾದ ತಕರಾರೇ. ಸೂರ್ಯ ಚುಕ್ಕೆಯಲ್ಲ, ತಟ್ಟೆ; ಹಾಗಾಗಿ ನೆರಳಿನ ಅಂಚು ಮಸುಕಾಗಿಯೇ ಇರುತ್ತದೆ, ಮಸುಕಿನ ನಡುವಿಗೆ ಗುರುತು ಹಾಕು ಎಂದೆ.

ದಿನ ದಿನಕ್ಕೆ ನೆರಳು ಚಿಕ್ಕದಾಗುತ್ತ ಬಂತು. ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ನಾಲ್ಕನೆಯ ದಿನ ಅವನೇ ಕಂಡುಹಿಡಿದ: 'ತಾತ, ನಮ್ಮೂರಿನ ನೆರಳು ಯಾವಾಗಲೂ ನಿಮ್ಮೂರಿಗಿಂತ ಒಂದು ಚೂರು ಉದ್ದ. ಯಾಕೆ?' ನಾನು ಉತ್ತರ ಹೇಳಲಿಲ್ಲ. ಮೇಷ್ಟರ ಹಳೆಯ ಅಭ್ಯಾಸ. ಪ್ರಶ್ನೆ ಅವನದೇ ಆಗಿ ನಾಲ್ಕು ದಿನ ಇರಲಿ ಎಂದು ಬಿಟ್ಟೆ.

ಏಪ್ರಿಲ್ 17ರಂದು ಆರು ಗಂಟೆಗೆ ಫೋನ್ ಬರಲಿಲ್ಲ. ಆರೂವರೆಗೆ ನಾನೇ ಮಾಡಿದೆ. ಅವರ ಸೊಸೆ ತೆಗೆದರು. ರಾತ್ರಿ ಎರಡು ಗಂಟೆಗೆ ಎದೆನೋವು ಎಂದರಂತೆ. ವಾಹನ ಬರುವಷ್ಟರಲ್ಲಿ ಮುಗಿದಿತ್ತು. ಕೊರೋನಾ ಅಲ್ಲ, ಹೃದಯ. ಅವರ ಮನೆ ನಮ್ಮಿಂದ ಒಂದೂವರೆ ಕಿಲೋಮೀಟರ್. ಅಂತ್ಯಸಂಸ್ಕಾರಕ್ಕೆ 20 ಜನರಿಗಿಂತ ಹೆಚ್ಚು ಸೇರಬಾರದೆಂಬ ನಿಯಮ. ಅವರ ಮಕ್ಕಳು, ತಮ್ಮಂದಿರು, ಹೆಗಲು ಕೊಡುವವರು ಎಂದು ಲೆಕ್ಕ ಹಾಕಿದರೆ ಇಪ್ಪತ್ತು ಅಲ್ಲಿಗೇ ಮುಗಿಯುತ್ತಿತ್ತು. ಮೇಲಾಗಿ ನನ್ನ ವಯಸ್ಸು. 'ನೀವು ಬರಬೇಡಿ ಅಂಕಲ್, ಅಪ್ಪ ಇದ್ದಿದ್ದರೂ ಬೇಡ ಅಂತಲೇ ಹೇಳುತ್ತಿದ್ದರು' ಎಂದ ಮಗ. ಏಳು ವರ್ಷ ದಿನವೂ ನನಗಾಗಿ ಗೇಟಿನಲ್ಲಿ ಕಾದವರನ್ನು ಕಳುಹಿಸಿಕೊಡಲು ಒಂದೂವರೆ ಕಿಲೋಮೀಟರ್ ಹೋಗಲಾಗಲಿಲ್ಲ. ಫೋನಿನಲ್ಲಿ ಕೇಳಿ, ಫೋನಿನಲ್ಲೇ ನಾಲ್ಕು ಮಾತು ಹೇಳಿ, ಮನೆಯಲ್ಲೇ ತಲೆಗೆ ನೀರು ಹಾಕಿಕೊಂಡೆ. ಅಂದು ಮಾಳಿಗೆ ಹತ್ತಲಿಲ್ಲ. ಮಗಳಿಗೆ ವಿಷಯ ತಿಳಿದಿತ್ತು. ಹುಡುಗ ಫೋನ್ ಮಾಡದಂತೆ ನೋಡಿಕೊಂಡಿದ್ದಳು.

ಮರುದಿನ ಬೆಳಿಗ್ಗೆ ಆರಕ್ಕೆ ಎಚ್ಚರವಾಯಿತು. ಎದ್ದು ಏನು ಮಾಡಬೇಕೆಂದು ತಿಳಿಯದೆ ಮಲಗಿಯೇ ಇದ್ದೆ. ತಿಂಡಿ ಬೇಡವೆಂದೆ. 12.15ಕ್ಕೆ ಫೋನ್ ಬಂತು.

'ತಾತ, ಟೈಮ್ ಆಯ್ತು.'

'ಇವತ್ತು ಬೇಡ ಪುಟ್ಟ.'

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, 'ನಿನ್ನೆದೂ ಖಾಲಿ ಇದೆ. ಇವತ್ತಿನ ಮನೇನೂ ಖಾಲಿ ಬಿಡಲಾ?' ಎಂದ.

ಪ್ರಯೋಗದ ಪುಸ್ತಕದಲ್ಲಿ ಖಾಲಿ ಮನೆ ಬಿಟ್ಟ ಎಷ್ಟು ಮಕ್ಕಳನ್ನು ನಾನು ಗದರಿಸಿಲ್ಲ! ಹುಡುಗನಿಗೆ ಅದು ಗೊತ್ತಿಲ್ಲ. ಅವನು ಬರಿಯ ಅಪ್ಪಣೆ ಕೇಳಿದ. ಬೆಂಗಳೂರಿನ ಬಿಸಿಲಿನಲ್ಲಿ ಒಂಬತ್ತು ವರ್ಷದ ಹುಡುಗ ಒಂದು ಕೈಯಲ್ಲಿ ಅಳತೆಪಟ್ಟಿ, ಒಂದು ಕೈಯಲ್ಲಿ ಫೋನು ಹಿಡಿದು ನನಗಾಗಿ ನಿಂತಿದ್ದಾನೆ ಎಂಬುದಷ್ಟೇ ಆ ಹೊತ್ತಿಗೆ ನನ್ನ ತಲೆಯಲ್ಲಿದ್ದದ್ದು. ಎದ್ದು ಮೆಟ್ಟಿಲು ಹತ್ತಿದೆ. ಅಂದಿನ ನೆರಳು 2.3 ಸೆಂಟಿಮೀಟರ್. ಅವನದು 3.5. ಬರೆದುಕೊಂಡು ಕೆಳಗಿಳಿದು ಬಂದಾಗ ಹೆಂಡತಿ ತಟ್ಟೆ ಹಾಕಿದ್ದಳು. ಊಟ ಮಾಡಿದೆ.

ಏಪ್ರಿಲ್ 22ರಂದು ಮೈಸೂರಿನಲ್ಲಿ ನೆರಳು ಮಾಯವಾಯಿತು. ಹನ್ನೆರಡು ದಾಟಿ ಇಪ್ಪತ್ತೆರಡು ನಿಮಿಷದ ಸುಮಾರಿಗೆ ಕೋಲಿನ ಬುಡದಲ್ಲಿ ಹುಡುಕಿದರೂ ನೆರಳಿಲ್ಲ. ಸೂರ್ಯ ನೇರ ನೆತ್ತಿಯ ಮೇಲೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ. ಆದರೆ ಅದೇ ದಿನ ಬೆಂಗಳೂರಿನಲ್ಲಿ ಒಂದು ಸೆಂಟಿಮೀಟರಿನಷ್ಟು ನೆರಳು ಉಳಿದೇ ಇತ್ತು. ಅಲ್ಲಿ ಅದು ಮಾಯವಾದದ್ದು 24ರಂದು. ಆ ವೇಳೆಗೆ ನಮ್ಮೂರಿನಲ್ಲಿ ನೆರಳು ಮತ್ತೆ ಹುಟ್ಟಿ, ಇಷ್ಟು ದಿನ ಉತ್ತರಕ್ಕೆ ಬೀಳುತ್ತಿದ್ದದ್ದು ದಕ್ಷಿಣಕ್ಕೆ ತಿರುಗಿತ್ತು.

ಈಗ ಅವನ ಹಳೆಯ ಪ್ರಶ್ನೆ ತೆಗೆದೆವು. ಒಂದೇ ಸೂರ್ಯ, ಒಂದೇ ಅಳತೆಯ ಕೋಲು, ಎರಡು ನೆರಳು ಏಕೆ? ನೆಲ ಚಪ್ಪಟೆಯಾಗಿದ್ದು ಸೂರ್ಯ ಬಹಳ ದೂರದಲ್ಲಿದ್ದರೆ ಎರಡೂ ನೆರಳು ಒಂದೇ ಆಗಬೇಕಿತ್ತು. ನೆಲ ಬಾಗಿದೆ, ಆದ್ದರಿಂದ ಮೈಸೂರಿನ ನೆಟ್ಟಗೂ ಬೆಂಗಳೂರಿನ ನೆಟ್ಟಗೂ ಒಂದೇ ದಿಕ್ಕಲ್ಲ. ಕೋಲಿಗೆ ನೆರಳಿನ ವ್ಯತ್ಯಾಸ ಎಷ್ಟೋ, ಭೂಮಿಯ ತ್ರಿಜ್ಯಕ್ಕೆ ಎರಡು ಊರುಗಳ ಉತ್ತರ-ದಕ್ಷಿಣ ದೂರ ಅಷ್ಟು. ಮೈಸೂರು-ಬೆಂಗಳೂರು ರಸ್ತೆಯಲ್ಲಿ ಸುಮಾರು 145 ಕಿಲೋಮೀಟರ್. ಆದರೆ ಮೈಸೂರು ಬೆಂಗಳೂರಿಗೆ ನೈಋತ್ಯದಲ್ಲಿದೆ. ನೇರ ಉತ್ತರ-ದಕ್ಷಿಣಕ್ಕೆ ಭೂಪಟದಲ್ಲಿ ಅಳೆದರೆ ಸಿಗುವುದು ಸುಮಾರು 74. ನಮ್ಮ ಪಟ್ಟಿಯಲ್ಲಿ ನೆರಳಿನ ಸರಾಸರಿ ವ್ಯತ್ಯಾಸ 100 ಸೆಂಟಿಮೀಟರ್ ಕೋಲಿಗೆ 1.2. ಹಾಗಾದರೆ 74ನ್ನು 100ರಿಂದ ಗುಣಿಸಿ 1.2ರಿಂದ ಭಾಗಿಸು ಎಂದೆ. ಹುಡುಗ ಕಾಗದದ ಮೇಲೆಯೇ ಮಾಡಿ, ಎರಡು ಸಲ ತಪ್ಪಿ, ಮೂರನೆಯ ಸಲ 6,167 ಎಂದು ಕೂಗಿದ. ಭೂಮಿಯ ತ್ರಿಜ್ಯ ನಿಜವಾಗಿ ಸುಮಾರು 6,371 ಕಿಲೋಮೀಟರ್. ನೂರಕ್ಕೆ ಮೂರರಷ್ಟು ತಪ್ಪು. ನೆಲ ಒರೆಸುವ ಕೋಲಿನಿಂದ ಅಳೆದವನಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಸುಮಾರು 2,200 ವರ್ಷಗಳ ಹಿಂದೆ ಎರಟೋಸ್ತನೀಸ್ ಎಂಬ ವಿದ್ವಾಂಸ ಈಜಿಪ್ಟಿನಲ್ಲಿ ನೆರಳಿನಿಂದಲೇ ಭೂಮಿಯನ್ನು ಅಳೆದಿದ್ದ ಎಂದು ಹೇಳಿದಾಗ ಹುಡುಗ ಕೇಳಿದ: 'ಅವನಿಗೆ ಫೋನ್ ಮಾಡೋಕೆ ತಾತ ಇದ್ದನಾ?'

ಇಷ್ಟೆಲ್ಲ ಹೇಳಿದ್ದು ಪತ್ರ ಬರೆದ ಆ ತಾಯಿಗಾಗಿ. ನಿಮ್ಮ ಮಗನ ವೇಳಾಪಟ್ಟಿಯಲ್ಲಿ ತಪ್ಪಿಲ್ಲ ಅಮ್ಮ. ಅದರ ಆಚೆ ತುದಿಯಲ್ಲಿ ಯಾರೂ ನಿಂತಿಲ್ಲ, ಅಷ್ಟೇ. ಕಾವಲು ಕೂರುವವರು ಬೇರೆ, ಕಾಯುವವರು ಬೇರೆ. 'ಓದಿದೆಯಾ?' ಎಂದು ಗಂಟೆಗೊಮ್ಮೆ ಇಣುಕಿ ನೋಡಿದರೆ ಅದು ಕಾವಲು. ಹುಡುಗರು ಅದರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಾರೆ. 'ನಾಲ್ಕು ಗಂಟೆಗೆ ನಿನ್ನ ಗೆಳೆಯ ಫೋನ್ ಮಾಡುತ್ತಾನೆ, ಇಬ್ಬರೂ ಒಂದೇ ಐದು ಲೆಕ್ಕ ಮಾಡಿ ಉತ್ತರ ಹೋಲಿಸಿ ನೋಡಿ' ಎಂದರೆ ಅಲ್ಲಿ ಒಬ್ಬ ಕಾಯುತ್ತಿರುತ್ತಾನೆ. ದಿನವೆಲ್ಲ ಹೀಗೆ ಕಟ್ಟಬೇಕಾಗಿಲ್ಲ. ಒಂದು ಹೊತ್ತು ಗಟ್ಟಿಯಾಗಿ ನಿಂತರೆ ಉಳಿದ ಹೊತ್ತುಗಳು ಅದರ ಸುತ್ತ ತಾವಾಗಿ ಸೇರಿಕೊಳ್ಳುತ್ತವೆ. ಮನೆಯಲ್ಲೋ ಊರಲ್ಲೋ ನನ್ನಂಥ ಮುದುಕರಿದ್ದರೆ ಅವರನ್ನು ಸೇರಿಸಿಕೊಳ್ಳಿ. ದಿನವೂ ಸಂಜೆ ಒಂದು ಪಾಠವನ್ನು ಅಜ್ಜಿಗೆ ವಿವರಿಸಿ ಹೇಳಬೇಕೆಂದಿಟ್ಟರೆ ಪಾಠ ಹುಡುಗನಿಗೆ ತಿಳಿಯುತ್ತದೆ, ಸಂಜೆ ಅಜ್ಜಿಗೆ ಬೇಗ ಬರುತ್ತದೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಮಾತು. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ನಮ್ಮ ಪ್ರತಿ ಊರಿಗೂ ವರ್ಷದಲ್ಲಿ ಎರಡು ಶೂನ್ಯ ನೆರಳಿನ ದಿನಗಳುಂಟು. ಮೈಸೂರಿನಲ್ಲಿ ಏಪ್ರಿಲ್ 22ರ ಸುಮಾರಿಗೆ, ಬೆಂಗಳೂರು ಮಂಗಳೂರುಗಳಲ್ಲಿ 24ರ ಸುಮಾರಿಗೆ, ಹುಬ್ಬಳ್ಳಿಯಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ, ಕಲಬುರಗಿ, ಬೀದರುಗಳಲ್ಲಿ ಮೇ ಎರಡನೆಯ ವಾರದ ಸುಮಾರಿಗೆ. ಇನ್ನೊಂದು ಸಲ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಬರುತ್ತದೆ. ಆಗ ಮೋಡದ ಕಾಟ. ಬೇರೆ ಊರಿನಲ್ಲಿರುವ ಅಜ್ಜನಿಗೋ ಗೆಳತಿಗೋ ಫೋನ್ ಮಾಡಿ, ಎರಡು ಕೋಲು ನಿಲ್ಲಿಸಿ. ಒಬ್ಬರ ಊರು ಇನ್ನೊಬ್ಬರ ಊರಿಗಿಂತ ಉತ್ತರಕ್ಕೋ ದಕ್ಷಿಣಕ್ಕೋ ದೂರವಿದ್ದಷ್ಟೂ ಉತ್ತರ ಚೆನ್ನಾಗಿ ಬರುತ್ತದೆ.

ನನ್ನ ಮೊಮ್ಮಗ ಈಗ ಪ್ರೌಢಶಾಲೆಯಲ್ಲಿದ್ದಾನೆ, ನನಗಿಂತ ಎತ್ತರ. ಆ ನೆರಳಿನ ಪಟ್ಟಿ ಈಗಲೂ ನನ್ನ ಬೀರುವಿನ ಬಾಗಿಲ ಒಳಗೆ, ಹಳೆಯ ವೇಳಾಪಟ್ಟಿ ಇದ್ದ ಜಾಗದಲ್ಲಿ ಅಂಟಿಕೊಂಡಿದೆ. ಏಪ್ರಿಲ್ 10ರಿಂದ 24ರವರೆಗೆ ಹದಿನೈದು ಮನೆಗಳು. ಹದಿನಾಲ್ಕು ತುಂಬಿವೆ. 17ರದು ಖಾಲಿ. ಅದನ್ನು ಸರಾಸರಿಯಿಂದ ತುಂಬಬಹುದು ತಾತ ಎಂದು ಹುಡುಗ ಆಮೇಲೆ ಹೇಳಿದ. ಬೇಡ, ಅದು ಹಾಗೆಯೇ ಇರಲಿ ಎಂದೆ.